ಕೆಂಪಾಗದ ಬ್ಲೂಬೆರಿ

ಹುಳಿಮಳೆ ಶುರುವಾದ ಮೇಲೆ ಊರಿನ ಪ್ರತಿ ಬಾಲ್ಕನಿಯಲ್ಲೂ ಒಂದು ಕುಂಡ, ಅದರಲ್ಲೊಂದು ಕುಳ್ಳ ಬ್ಲೂಬೆರಿ ಗಿಡ. ರಾತ್ರಿ ಬಿದ್ದ ಮಳೆ ಮೈ ಸುಡುವಂಥದ್ದಾದರೆ ಮಣ್ಣು ಹುಳಿಯೇರಿ, ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಕೆಂಪಾಗುತ್ತಿದ್ದವು. ಹಗಲಲ್ಲೂ ಅದೇ ಮಳೆ ಸುರಿದೀತೆಂಬ ಭಯಕ್ಕೆ ಅಂಥ ದಿನ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

“ಅಮ್ಮಾ, ಸ್ಕೂಲಿಗೆ ಹೋಗ್ಲಾ?” ಇಂಚರ ಕೇಳಿದಳು.

ನಾಗವೇಣಿ ಗಿಡ ನೋಡಿದಳು. “ಎಲೆ ಹಸಿರಾಗೇ ಇದೆ. ಹೊರಡು ಪುಟ್ಟಾ.”

ಮಗಳು ಮೆಟ್ಟಿಲಿಳಿದು ಹೋದಳು. ಹಣ್ಣು ಬಿಡಿಸಲು ಬಗ್ಗಿದ್ದ ನಾಗವೇಣಿ ತಲೆಯೆತ್ತಿದಾಗ ಎದುರಿನ ಕಟ್ಟಡ ಕಂಡಿತು. ಮೇಲಿಂದ ಕೆಳಗಿನವರೆಗೂ ಬಾಲ್ಕನಿಗಳೆಲ್ಲ ಕೆಂಪು. ಒಂದು ಕಿಟಕಿಯೂ ತೆರೆದಿರಲಿಲ್ಲ.

“ನಮ್ಮ ಗಿಡ ವಾರದಿಂದ ಕೆಂಪೇ ಆಗಿಲ್ಲ ನೋಡು. ನನ್ನ ಕೈಗುಣ!” ಎಂದರು ಪಕ್ಕದಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ. ವೀಳ್ಯದೆಲೆಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದದ್ದನ್ನು ಎಂದಿನಂತೆ ಕುಂಡದ ಅಂಚಿಗೆ ಒರೆಸಿದರು. ಅಂಚಿನ ತುಂಬ ಬಿಳಿ ಗೀರುಗಳು. ಮಳೆ ಬಂದಾಗೆಲ್ಲ ಆ ಸುಣ್ಣ ಕರಗಿ ಮಣ್ಣಿಗಿಳಿದು ಹುಳಿಯನ್ನೆಲ್ಲ ಕೊಂದಿತ್ತು.

“ಇಂಚರಾ!” ನಾಗವೇಣಿ ಕಂಬಿಯ ಮೇಲಿಂದ ಬಗ್ಗಿ ಕಿರುಚಿದಳು.

ಖಾಲಿ ಬೀದಿಯ ನಡುವೆ ನಿಂತಿದ್ದ ಇಂಚರ ತಲೆಯೆತ್ತಿ ನಕ್ಕಳು. ಆಮೇಲೆ ಮೊದಲ ಹನಿಗೆ ಅಂಗೈ ಒಡ್ಡಿದಳು.