ಮೂರನೆಯ ವೈರು

ಮೇನ್ ಸ್ವಿಚ್ ಆರಿಸಿದ್ದೇನೆ ಎಂದು ಕೇತಕಿ ಎರಡು ಸಲ ಹೇಳಿದರೂ ಅಂಬಾಬಾಯಿ ನಂಬಲಿಲ್ಲ. ತಾವೇ ಹೋಗಿ ನೋಡಿ ಬಂದರು. ಅದಕ್ಕೂ ಮೊದಲು ಬಾಗಿಲಲ್ಲೇ ನಿಲ್ಲಿಸಿ ಲೈಸೆನ್ಸ್ ಕೇಳಿದ್ದರು. ಕನ್ನಡಕ ಹಾಕಿಕೊಂಡು ಫೋಟೋ, ಮುದ್ರೆ, ಅವಧಿ ಮುಗಿಯುವ ತಾರೀಖು ಎಲ್ಲ ಓದಿದ್ದರು. ತಾನು ಹೆಂಗಸೆಂದು ಈ ಅನುಮಾನ ಎಂದುಕೊಂಡಳು ಕೇತಕಿ. ಆರು ವರ್ಷಗಳಿಂದ ಬಿಬವೇವಾಡಿಯ ಮನೆಗಳಲ್ಲಿ ವೈರಿಂಗ್ ಮಾಡುತ್ತಿದ್ದವಳಿಗೆ ಇದು ಹೊಸದಲ್ಲ.

ಬಚ್ಚಲುಮನೆಯ ಬೀಗ ತೆಗೆದಾಗ ಕಾರಣ ತಿಳಿಯಿತು. ಹದಿನಾಲ್ಕು ತಿಂಗಳ ಹಿಂದೆ ಹಿರಿಯ ಮಗಳು ಪೂರ್ವಾ ಇಲ್ಲಿ ಗೀಜರಿನ ನಲ್ಲಿ ಮುಟ್ಟಿದವಳು ಕರೆಂಟು ಹೊಡೆದು ಜೀವಂತ ಹೊರಗೆ ಬರಲಿಲ್ಲ. ಅಂದಿನಿಂದ ಬೀಗ. ಈಗ ಕಿರಿಯವಳು ರಕ್ಷಿತಾ ಹೆರಿಗೆಗೆ ಬರುತ್ತಿದ್ದಾಳೆ. ಬಾಣಂತಿಗೆ ಬಿಸಿನೀರು ಬೇಕು.

ಅಂಬಾಬಾಯಿಯ ಗಂಡ ಕೃಷ್ಣಾಜಿ ಟಾರ್ಚ್ ಹಿಡಿದರು. ದೌಂಡದ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಗುಮಾಸ್ತರಾಗಿ ನಿವೃತ್ತರಾದವರು, ಮಾತು ಕಡಿಮೆ. ಕೇತಕಿ ಸ್ವಿಚ್‌ಬೋರ್ಡ್ ಬಿಚ್ಚಿದಳು. ಗೀಜರಿನ ಎರಡು ವೈರುಗಳು ಸರಿಯಾಗಿಯೇ ಕೂತಿದ್ದವು. ಮೂರನೆಯದನ್ನು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ಥಿಂಗ್ ವೈರನ್ನು, ಯಾರೋ ಬುಡಕ್ಕೇ ಕತ್ತರಿಸಿದ್ದರು. ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚೂ ಮನೆಯಲ್ಲಿರಲಿಲ್ಲ.

"ಇದನ್ನ ಮಾಡಿದವರು ವೈರಮನ್ ಅಲ್ಲ್ರಿ, ಕಾಕು," ಎಂದಳು ಕೇತಕಿ.

ಅಂಬಾಬಾಯಿ ಕಾದೇ ಇದ್ದವರಂತೆ ಶುರುಮಾಡಿದರು. ಆಗ ತಾವು ಧಾರವಾಡಕ್ಕೆ ಮದುವೆಗೆ ಹೋಗಿದ್ದರಂತೆ. ಗಂಡ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಕಡೆಯಿಂದ ಯಾವನೋ ಒಬ್ಬನನ್ನು ಕರೆತಂದು ಗೀಜರು ಕೂಡಿಸಿದರಂತೆ. ಹೆಸರು ಕೇಳಲಿಲ್ಲ, ನಂಬರು ಇಟ್ಟುಕೊಳ್ಳಲಿಲ್ಲ. ಒಂಬತ್ತು ದಿನ ನಡೆಯಿತು ಗೀಜರು. ಈಗಲೂ ಪ್ರತಿ ಭಾನುವಾರ ಇವರು ಸ್ವಾರಗೇಟಕ್ಕೆ ಹೋಗಿ ಅವನನ್ನು ಹುಡುಕುತ್ತಾರೆ, ಸಂಜೆ ಬರಿಗೈಲಿ ಬರುತ್ತಾರೆ.

"ಅವನ ಕೈ ಸೇದಿಹೋಗಲಿ," ಎಂದರು ಅಂಬಾಬಾಯಿ. ದಿನಾ ದೇವರಿಗೆ ದೀಪ ಹಚ್ಚಿದ ಮೇಲೆ ಇದೇ ಮಾತು ಹೇಳುತ್ತಾರಂತೆ, ಮನೆಗೆಲ್ಲ ಕೇಳುವಂತೆ.

ಕೃಷ್ಣಾಜಿ ಟಾರ್ಚನ್ನು ನೆಲದತ್ತ ತಿರುಗಿಸಿದರು.

ಅಂಬಾಬಾಯಿ ಚಹಾ ಮಾಡಲು ಹೋದಾಗ ಕೃಷ್ಣಾಜಿ ಬಾಗಿಲು ಮುಂದೆ ಮಾಡಿದರು. ವೈರಮನ್ ನಾಲ್ಕು ದಿನ ತಡವಾಗಿ ಬರುತ್ತೇನೆ ಎಂದಿದ್ದನಂತೆ. ಪೂರ್ವಾಗೆ ನೆಗಡಿ, ತಣ್ಣೀರಲ್ಲಿ ಮೀಯುತ್ತಿದ್ದಳು. ಮೊಬೈಲಿನಲ್ಲಿ ನೋಡಿಕೊಂಡು ತಾವೇ ಕೆಲಸಕ್ಕೆ ಇಳಿದರಂತೆ.

"ಗ್ವಾಡಿಯೊಳಗ ಎರಡs ವೈರ್ ಇದ್ದವು. ಗೀಜರಿನಾಗ ಮೂರು. ಒಂದು ಹೆಚ್ಚಿಗೀದು ಅಂತ ತಿಳದು ನಾನs ಕತ್ತರಿಸಿದೆ." ಮುಚ್ಚಿದ ಬಾಗಿಲಿನತ್ತ ನೋಡಿದರು. "ಆಕಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಆಕಿ ಮಾರಿ ನೋಡಿ ನಾ ಹ್ಯಾಂಗ ಇರಲಿ?"

ಕೇತಕಿ ಬೇಕಾದ ಸಾಮಾನಿನ ಚೀಟಿ ಬರೆದುಕೊಟ್ಟಳು. ಕೃಷ್ಣಾಜಿ ಚೀಟಿ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಹೋದರು.

ಚಹಾ ತಂದಿಟ್ಟ ಅಂಬಾಬಾಯಿ ಮತ್ತೆ ಆ ಸ್ವಾರಗೇಟದವನ ಮಾತು ತೆಗೆದರು. ಕೇತಕಿಗೆ ತಡೆಯಲಾಗಲಿಲ್ಲ.

"ಸಾಕು ಬಿಡ್ರಿ, ಕಾಕು. ಹಂಗ ಶಾಪ ಹಾಕಬ್ಯಾಡ್ರಿ. ಆ ಮನಷ್ಯಾನೂ ತಿಳೀದs ಮಾಡಿರಬೇಕು."

ಅಂಬಾಬಾಯಿ ಅವಳ ಮುಖವನ್ನೇ ನೋಡಿದರು. ಎದ್ದು ಹೋಗಿ, ಗಂಡ ಬೀದಿಯ ತಿರುವು ದಾಟಿದ್ದನ್ನು ಕಿಟಕಿಯಿಂದ ನೋಡಿ ಬಂದು ಕೂತರು.

"ಇವರು ನಿನಗ ಹೇಳಿಬಿಟ್ರೇನು?" ದನಿ ತೀರ ತಗ್ಗಿತ್ತು. "ಪೂರ್ವಾ ಹೋದ ಹನ್ನೊಂದನೇ ದಿನ ಕೆಳಗಿನ ಮನೀ ಮೋಹನದಾಸರು ನನ್ನ ಹತ್ರ ಅಳಕೋತ ಬಂದಿದ್ರು, ಗೀಜರ್ ಕೂಡಸಲಿಕ್ಕೆ ಇವರಿಗೆ ಡ್ರಿಲ್ ಕೊಟ್ಟಾಂವ ನಾನs ಅಂತ."

ಹಾಗಿದ್ದ ಮೇಲೆ ದಿನಾ ಯಾಕೆ ಶಪಿಸುತ್ತೀರಿ ಎಂದು ಕೇಳಿದಳು ಕೇತಕಿ.

"ನಾ ಬಯ್ಯೂದು ಬಿಟ್ಟ ದಿನ, ನನಗ ಗೊತ್ತದ ಅಂತ ಅವರಿಗೆ ತಿಳೀತದ. ಆಮ್ಯಾಲೆ ಅವರು ಬದುಕೂದಿಲ್ಲವ್ವ."