ಬೋಸಿಯ ಮೇಲಿನ ಪು.ಮಂ.

ಜಗಲಿಯ ಮೇಲೆ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ ಅನಿತ ಅಲ್ಲೇ ಕೂತುಬಿಟ್ಟಳು. ಮೊದಲ ಬೋಸಿಯ ಮೇಲೆ ‘ಪು.ಮಂ.’ ಎಂದು ಚುಕ್ಕಿ ಚುಕ್ಕಿಯಾಗಿ, ಒಂದು ಅಕ್ಷರದ ಬಾಲಕ್ಕೆ ಇನ್ನೊಂದನ್ನು ತಗುಲಿಸಿ ಕೊರೆದಿತ್ತು. ಎರಡನೆಯದರ ಮೇಲೂ ಅದೇ. ಹನ್ನೊಂದಕ್ಕೆ ಹನ್ನೊಂದರ ಮೇಲೂ ಅದೇ. ಪುಟ್ಟರಾಜು ಹೆಂಡತಿ ಮಂಚಮ್ಮ, ಅಂದರೆ ಅವಳ ಅತ್ತೆ.

ನಿನ್ನೆ ಗೃಹಪ್ರವೇಶಕ್ಕೆ ಬರಬೇಕಿದ್ದ ಬಾಡಿಗೆ ಪಾತ್ರೆಯ ಟೆಂಪೊ ಪಾಂಡವಪುರದಲ್ಲೇ ಕೆಟ್ಟು ನಿಂತಿತ್ತು. ಅತ್ತೆಯ ಅಡುಗೆಮನೆಯಲ್ಲೋ, ನಾಲ್ಕೇ ನಾಲ್ಕು ಪುಟ್ಟ ಪಾತ್ರೆ. ಮದುವೆಯಾಗಿ ಮೂರು ತಿಂಗಳಾದ ಸೊಸೆ ತೊಣ್ಣೂರಿನ ಹನ್ನೊಂದು ಮನೆ ಸುತ್ತಿ ಕೇಳಿದಳು. ಎಲ್ಲರೂ ಇದ್ದುದರಲ್ಲಿ ದೊಡ್ಡದನ್ನೇ ತೆಗೆದುಕೊಟ್ಟರು. ಹೇಗೂ ಅವರವರ ಹೆಸರು ಕೊರೆಸಿರುತ್ತಾರಲ್ಲ ಎಂದು ಇವಳು ಗುರುತು ಮಾಡಿಕೊಳ್ಳಲಿಲ್ಲ. ಹೊಸ ಮನೆಯ ಪರದೆ, ದಿಂಬು, ಕಡೆಗೆ ಕಾಲೊರೆಸುವ ಮ್ಯಾಟಿನ ಮೇಲೂ ತನ್ನ ಮತ್ತು ಗಂಡ ಲೋಕೇಶನ ಅಕ್ಷರ ಹೆಣೆದು ಹೊಲಿಸಿದ್ದ ಹುಡುಗಿ ನೋಡಿ, ಪಾತ್ರೆಯ ಮೇಲಿರುವುದು ಉಡುಗೊರೆ ಕೊಟ್ಟವರ ಹೆಸರು ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ.

ಬಂದು ಆರಿಸಿಕೊಳ್ಳಿ ಎನ್ನುವಂತಿಲ್ಲ. ತಂದ ಪಾತ್ರೆಯೊಳಗೆ ಎರಡು ಒಬ್ಬಟ್ಟಾದರೂ ಇಟ್ಟು ಅವರವರ ಬಾಗಿಲಿಗೆ ಮುಟ್ಟಿಸಬೇಕು. ಒಂದೇ ಒಂದು ಅದಲುಬದಲಾದರೂ ಸಾಕು, ಹೊಸ ಸೊಸೆಯ ಕೈಗೆ ಕೊಟ್ಟ ಸಾಮಾನು ನೆಟ್ಟಗೆ ವಾಪಸು ಬರುವುದಿಲ್ಲ ಎಂಬ ಮಾತು ಸಂಜೆಯೊಳಗೆ ಕೆರೆ ಏರಿ ದಾಟಿರುತ್ತದೆ. ಅನಿತಳಿಗೆ ಅಳುವೇ ಬಂತು.

“ಯಾಕವ್ವ, ಇಂಗ್ ಕುಂತ್ಬುಟ್ಟೆ?” ಎಲೆಯಡಿಕೆ ಮೆಲ್ಲುತ್ತಾ ಮಂಚಮ್ಮ ಬಂದಳು.

“ಎಲ್ಲಾದ್ರ ಮ್ಯಾಲೂ ನಿಮ್ದೇ ಅಕ್ಷರ ಅದೆ ಅತ್ತೆ. ಯಾವ್ದು ಯಾರ್ದು ಅಂತ ಎಂಗ್ ಕೊಡ್ಲಿ?”

ಮಂಚಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಒಂದು ಬೋಸಿಯ ಕಂಠವನ್ನು ಬೆರಳಿಂದ ಸವರಿದಳು. “ಇದು ಧರ್ಮೇಂದ್ರನ್ ಮನೇದು. ಅವ್ರಕ್ಕನ್ ಮದ್ವೇಲಿ ಕೊಟ್ಟಿದ್ದು. ಕಂಠ ಆಗ್ಲೇ ಸೊಟ್ಟ ಇತ್ತು, ಅಂಗಡಿಯೋನ್ ಕುಟೆ ಜಗಳ ಆಡಿದ್ದೆ.” ಇನ್ನೊಂದನ್ನು ಎತ್ತಿ ತೂಕ ನೋಡಿದಳು. “ಇದು ಖೈರುನ್ನೀಸಾದು. ಅವ್ಳ್ ನಿಕಾಗೆ ಅಂತ ದಪ್ಪ ತಳದ್ದೇ ಹುಡುಕ್ಸಿದ್ದೆ.” ಮತ್ತೊಂದು ಮಂಚಯ್ಯನದು. ಹೀಗೆ ಹತ್ತು ಪಾತ್ರೆ, ಎಲ್ಲೂ ತಡವರಿಸದೆ. ಅನಿತ ಬಾಯಿ ಬಿಟ್ಟುಕೊಂಡು ನೋಡಿದಳು. ಊರಿನ ಸಂಸಾರಗಳೆಲ್ಲ ಈ ಹೆಂಗಸಿನ ಬೆರಳತುದಿಯಲ್ಲೇ ಇದ್ದವು. ಮನೆಯಲ್ಲಿ ನಾಲ್ಕೇ ಪಾತ್ರೆ ಕಂಡು ಇಂಥ ಅತ್ತೆಯನ್ನು ಜಿಪುಣಿ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಕೊನೆಗೆ ಒಂದು ತಪ್ಪಲೆ ಉಳಿಯಿತು. ತಿಕ್ಕಿ ತಿಕ್ಕಿ ಅದರ ಮೇಲಿನ ಅಕ್ಷರ ಕಂಡೂ ಕಾಣದಷ್ಟು ಸವೆದಿತ್ತು.

“ಇದು ಪ್ರೇಮಮ್ಮಂದು.”

“ಅವ್ರಿಗೆ ಮದ್ವೇನೇ ಆಗ್ಲಿಲ್ಲ ಅಂದ್ರಲ್ಲ ಅತ್ತೆ?”

“ಊಂ. ದಾರೆ ಒತ್ತಿಗೆ ಗಂಡಿನ್ ಕಡೆಯೋರು ಎದ್ದೋಗ್ಬುಟ್ರು. ನಮ್ಮೂರೋರೂ ತಂದಿದ್ ಪಾತ್ರೇನೆಲ್ಲ ವಾಪಸ್ ಎತ್ಕೊಂಡೋದ್ರು.” ಮಂಚಮ್ಮ ಒಬ್ಬಟ್ಟು ಇಟ್ಟು ತಪ್ಪಲೆಯನ್ನು ಸೊಸೆಯ ಕೈಗೆ ಕೊಟ್ಟಳು. “ಮದ್ವೆ ನಿಂತೋದ್ ಮನೇಲೂ ಮಾರ್ನೆ ದಿನ ಅನ್ನ ಬೇಯಿಸ್ಬೇಕಲ್ಲವ್ವ. ನಾನು ಬುಟ್ಬಂದೆ.”