ಒಂದೇ ಒರೆಸುವ ಬಟ್ಟೆ

ಹಳೆಯ ವರ್ಷದ ಕೊಳೆ ಹೊಸ ವರ್ಷಕ್ಕೆ ದಾಟಬಾರದೆಂದು, ಜಪಾನಿನ ನಮ್ಮ ಬೀದಿಯಲ್ಲಿ ಅಂದು ಎಲ್ಲರೂ ಮನೆ ಒರೆಸುತ್ತಿದ್ದರು, ಕಾರು ತೊಳೆಯುತ್ತಿದ್ದರು. ನನ್ನ ಗಂಡ ಏಣಿ ಹತ್ತಿ ಮಹಡಿಯ ಕಿಟಕಿ ಉಜ್ಜುತ್ತಿದ್ದ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಪಕ್ಕದಲ್ಲೇ ನೆರೆಮನೆಯ ನಿಶಿದಾ ತಮ್ಮ ಕಾರು ತೊಳೆಯುತ್ತಿದ್ದರು. ರೇಷ್ಮೆಗೆ ಬಣ್ಣ ಹಾಕುವುದು ಅವರ ಕಸುಬು.

ವರ್ಷದ ಕೊನೆಗೆ ಹಳೆಯ ಬಟ್ಟೆ ಮಡಿಸಿ, ಹೊಲಿದು, ಒರೆಸುವ ಬಟ್ಟೆ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಈ ಸಲ ನಾನು ಹೊಲಿದದ್ದು ಒಂದೇ ಒಂದು, ಹಲ್ಲು ಕಚ್ಚಿಕೊಂಡು. ಅದನ್ನು ಅವರತ್ತ ಚಾಚಿದೆ.

“ಎಷ್ಟು ಒತ್ತೊತ್ತಾಗಿ ಹೊಲಿದಿದ್ದೀರಿ! ಇದರಲ್ಲಿ ಚಕ್ರ ಒರೆಸೋಕೆ ಮನಸ್ಸೇ ಬರಲ್ಲ.”

“ಒರೆಸಿ. ಕೊಳೆಗೆ ಅಂತಲೇ ಹೊಲಿದದ್ದು.”

ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು. ಒದ್ದೆಯಾದ ಬಟ್ಟೆಯ ಬಣ್ಣ ಎದ್ದು ಕಂಡಿತು. ಅವರ ಕೈ ಅಲ್ಲೇ ನಿಂತಿತು.

“ಈ ನೇರಳೆ ಬಣ್ಣ ನಾನು ಒಂದೇ ಸಲ ಕಲಸಿದ್ದು. ನನ್ನ ಹೆಂಡತಿಯ ಶಾಲಿಗೆ. ನಿಮಗೆಲ್ಲಿ ಸಿಕ್ತು?”

“ನಮ್ಮ ಕಾರಿನಲ್ಲಿ. ನಿನ್ನೆ ಗುಡಿಸೋವಾಗ, ಹಿಂದಿನ ಸೀಟಿನ ಕೆಳಗೆ.”

ಮೇಲೆ ಗಾಜು ಉಜ್ಜುವ ಸದ್ದು ನಿಂತಿತು.

“ನಿಶಿದಾ ಅವರೇ, ಸ್ವಲ್ಪ ಈ ಏಣಿ ಹಿಡ್ಕೊಳ್ತೀರಾ? ನಾನು ಒಳಗೆ ಹೋಗಿ ಬರ್ತೀನಿ.”